ಸಿನಿಮಾ ಕಾಮಿಕ್ ಇದ್ದ ಹಾಗೇ ಇದ್ದರೆ ಪುಸ್ತಕ ಯಾಕೆ ಓದಬೇಕು?

'ಆಲ್-ಸ್ಟಾರ್ ಸೂಪರ್‌ಮ್ಯಾನ್' ಸಿನಿಮಾ ನೋಡಿ ಇಷ್ಟಪಟ್ಟ ನೀವು ನನಗೆ ಬರೆದು ಕೇಳಿದ್ದು ಇದನ್ನೇ. ಜೊತೆಗೆ ಪುಸ್ತಕ ಓದದೆ ಬಿಡಬಹುದಾದ ಸಿನಿಮಾಗಳ ಪಟ್ಟಿಯನ್ನೂ ಕೇಳಿದ್ದೀರಿ. ಹಿಂದೆ ನಾನೂ ಇದನ್ನೇ ಕೇಳುತ್ತಿದ್ದೆ. ಕೇಳಿ ಸುಮ್ಮನಾಗಲಿಲ್ಲ, ಓದೋದನ್ನೇ ಬಿಟ್ಟಿದ್ದೆ. ಅದರಿಂದ ಒಂದು ಅಂಕಣ ಕೈತಪ್ಪಿತು.

ಒಂದು ಪತ್ರಿಕೆಯವರು ಕಾಮಿಕ್ ಪುಸ್ತಕಗಳ ಬಗ್ಗೆ ಪ್ರತಿ ತಿಂಗಳು ಬರೆಯಿರಿ ಅಂದಿದ್ದರು. ಬಹಳ ಆಸೆಪಟ್ಟಿದ್ದ ಕೆಲಸ ಅದು. ಮೊದಲ ಲೇಖನಕ್ಕೆ ನಾನೇ ಆರಿಸಿಕೊಂಡದ್ದು 'ದಿ ಕಿಲ್ಲಿಂಗ್ ಜೋಕ್'. ಆಲನ್ ಮೂರ್ ಬರೆದು ಬ್ರಯಾನ್ ಬೋಲಂಡ್ ಚಿತ್ರ ಬಿಡಿಸಿದ, ಬ್ಯಾಟ್‌ಮ್ಯಾನ್ ಮತ್ತು ಅವನ ಕಡುವೈರಿ ಜೋಕರ್‌ನ 1988ರ ಕಥೆ. 2016ರಲ್ಲಿ ಬಂದ ಅದರ ಅನಿಮೇಷನ್ ಸಿನಿಮಾವನ್ನು ಎರಡು ಸಲ ನೋಡಿದ್ದೆ. ಪುಸ್ತಕ ಮುಟ್ಟಿರಲಿಲ್ಲ.

ಲೇಖನದ ಮೊದಲ ಭಾಗವನ್ನೆಲ್ಲ ಬಾರ್ಬರಾ ಗಾರ್ಡನ್‌ಗೆ ಮೀಸಲಿಟ್ಟೆ. ವೇಷ ತೊಟ್ಟ ನಾಯಕಿ ಬ್ಯಾಟ್‌ಗರ್ಲ್ ಆಗಿ ಅವಳ ದಿನಗಳು, ಬ್ಯಾಟ್‌ಮ್ಯಾನ್ ಜೊತೆ ಅವಳ ಜಗಳ, ಅವರಿಬ್ಬರ ಸಂಬಂಧ, ಕೊನೆಗೆ ಅವಳು ಆ ವೇಷ ಕಳಚಿಟ್ಟದ್ದು. 'ಕಥೆಗಾರ ಇಷ್ಟು ಜಾಗ ಕೊಟ್ಟು ಅವಳನ್ನು ನಮಗೆ ಹತ್ತಿರ ಮಾಡಿದ್ದರಿಂದಲೇ ಜೋಕರ್ ಹಾರಿಸಿದ ಗುಂಡು ನಮಗೂ ತಾಗುತ್ತದೆ' ಅಂತ ಬರೆದೆ. ಆ ವಾಕ್ಯ ನನಗೆ ತುಂಬಾ ಇಷ್ಟವಾಗಿತ್ತು. ಲೇಖನ ಅಚ್ಚಾಯಿತು. ಓದುಗರ ಪತ್ರಗಳು ಬಂದವು. ಸಂಪಾದಕರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು: "ಇದೆಲ್ಲ ಪುಸ್ತಕದ ಎಷ್ಟನೇ ಪುಟದಲ್ಲಿದೆ?"

ಯಾವ ಪುಟದಲ್ಲೂ ಇಲ್ಲ. ಪುಸ್ತಕ ಇರೋದೇ 50 ಪುಟಕ್ಕಿಂತ ಕಡಿಮೆ. ಅಷ್ಟರಲ್ಲಿ ಪೂರ್ತಿ ಸಿನಿಮಾ ಆಗೋದು ಕಷ್ಟ. ಹಾಗಾಗಿ ಸಿನಿಮಾದವರು ಶುರುವಿಗೆ ಸುಮಾರು ಅರ್ಧ ಗಂಟೆಯ ಹೊಸ ಕಥೆ ಸೇರಿಸಿದ್ದರು. ಸಿನಿಮಾ ಇರೋದು 76 ನಿಮಿಷ. ಅಂದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪುಸ್ತಕದ್ದೇ ಅಲ್ಲ! ಪುಸ್ತಕದಲ್ಲಿ ಬಾರ್ಬರಾ ಬರೋದು ಕೆಲವೇ ಪುಟಗಳಲ್ಲಿ. ಬಾಗಿಲು ತೆಗೆಯುತ್ತಾಳೆ, ಎದುರಿಗೆ ಜೋಕರ್, ಕೈಯಲ್ಲಿ ಪಿಸ್ತೂಲು. ಅವಳಿಗೆ ಇಷ್ಟೇ ಜಾಗ ಸಿಕ್ಕಿದೆ ಅನ್ನೋದು ಆ ಪುಸ್ತಕದ ಮೇಲೆ ಮೊದಲಿನಿಂದಲೂ ಇರುವ ದೊಡ್ಡ ದೂರು. ನಾನು ಸರಿಯಾಗಿ ಅದರ ಉಲ್ಟಾ ಹೊಗಳಿದ್ದೆ.

ನಾನು ಎಡವಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ. ನೀವೂ ಅಲ್ಲೇ ನಿಂತಿದ್ದೀರಿ ಅನ್ನಿಸುತ್ತಿದೆ. ನಾನು ಏನನ್ನೂ ಪರೀಕ್ಷಿಸದೆ ಬರೆದವನಲ್ಲ. ಇಂಟರ್ನೆಟ್‌ನಲ್ಲಿ ಪುಸ್ತಕದ ಕೆಲವು ಪುಟಗಳು ಸಿಕ್ಕಿದ್ದವು. ಜೋಕರ್ ಮಾತುಗಳನ್ನು ಸಿನಿಮಾದ ಜೊತೆ ಹೋಲಿಸಿ ನೋಡಿದ್ದೆ. ಹೆಚ್ಚುಕಮ್ಮಿ ಹಾಗೇ ಇದ್ದವು. ಜಾತ್ರೆಯ ದೃಶ್ಯ ಹಾಗೇ ಇತ್ತು. ಕೊನೆಯ ಜೋಕ್ ಹಾಗೇ ಇತ್ತು. 'ಇಷ್ಟು ನಿಷ್ಠೆಯಿಂದ ಮಾಡಿದ್ದಾರೆ, ಉಳಿದದ್ದೂ ಹೀಗೇ ಇರುತ್ತದೆ' ಅಂದುಕೊಂಡೆ. ನೋಡಿ, ಹೊಂದುತ್ತದೆ ಅಂತ ಗೊತ್ತಿದ್ದ ಕಡೆಯೇ ಹೋಲಿಸಿದ್ದೆ. ಹೊಂದಿಕೆಯಾದ ಭಾಗ, ಹೊಂದದ ಭಾಗಕ್ಕೂ ಜಾಮೀನು ಕೊಟ್ಟುಬಿಟ್ಟಿತು. ಸಿನಿಮಾ ಪೂರ್ತಿ ಬೇರೆಯಾಗಿದ್ದಿದ್ದರೆ ನಾನು ಮೋಸ ಹೋಗುತ್ತಲೇ ಇರಲಿಲ್ಲ.

ಅಂಕಣ ಅಲ್ಲಿಗೇ ನಿಂತಿತು. ಮಾರನೇ ದಿನ ಪುಸ್ತಕ ತಂದು ಓದಿದೆ. ಸಿನಿಮಾಕ್ಕೆ ಕೊಟ್ಟಷ್ಟು ಹೊತ್ತೂ ಹಿಡಿಯಲಿಲ್ಲ. ಅದು ಇವತ್ತಿಗೂ ನೋಯುತ್ತದೆ.

ಆದರೆ ಆ ದಿನ ಬೇರೆ ಏನೋ ಕಂಡಿತು. ಪುಸ್ತಕದ ಮೊದಲ ಪ್ಯಾನೆಲ್‌ನಲ್ಲಿ, ಅಂದರೆ ಮೊದಲ ಚೌಕದ ಚಿತ್ರದಲ್ಲಿ, ನಿಂತ ನೀರಿನ ಮೇಲೆ ಮಳೆಹನಿ ಬಿದ್ದು ಉಂಗುರಗಳು ಎದ್ದಿವೆ. ಕೊನೆಯ ಪ್ಯಾನೆಲ್‌ನಲ್ಲೂ ಅದೇ ಮಳೆ, ಅದೇ ಉಂಗುರಗಳು. ಕೊನೇ ಪುಟದಲ್ಲಿ ಬ್ಯಾಟ್‌ಮ್ಯಾನ್ ಮತ್ತು ಜೋಕರ್ ಇಬ್ಬರೂ ನಗುತ್ತಿದ್ದಾರೆ. ನಗು ಬರೀ ಅಕ್ಷರಗಳಲ್ಲಿದೆ. ಬ್ಯಾಟ್‌ಮ್ಯಾನ್ ಕೈ ಜೋಕರ್ ಕಡೆ ಚಾಚಿದೆ. ಚಿತ್ರ ನಿಧಾನವಾಗಿ ಅವರ ಕಾಲಿನ ಹತ್ತಿರ ಇಳಿಯುತ್ತದೆ. ಪೊಲೀಸ್ ಸೈರನ್‌ನ ಅಕ್ಷರಗಳು. ಆಮೇಲೆ ನಗು ಇಲ್ಲ, ಸೈರನ್ ಇಲ್ಲ, ಮಳೆ ಮಾತ್ರ. ಆ ಕೈ ಹೆಗಲ ಮೇಲೆ ಬಿತ್ತಾ, ಕುತ್ತಿಗೆಗೆ ಹೋಯಿತಾ? ಓದುಗರು ಇವತ್ತಿಗೂ ವಾದ ಮಾಡುತ್ತಾರೆ. ಆ ಮೂರು ನಾಲ್ಕು ಪ್ಯಾನೆಲ್‌ಗಳ ಮೇಲೆ ನಾನು ಎಷ್ಟು ಹೊತ್ತು ಕುಳಿತಿದ್ದೆ ಗೊತ್ತಿಲ್ಲ. ಸಿನಿಮಾದಲ್ಲಿ ನಗು ಎಷ್ಟು ಸೆಕೆಂಡ್ ಅಂತ ಬೇರೆ ಯಾರೋ ತೀರ್ಮಾನ ಮಾಡಿರುತ್ತಾರೆ. ಪುಸ್ತಕದಲ್ಲಿ ಆ ಹೊತ್ತು ನಿಮ್ಮ ಕೈಯಲ್ಲಿ ಇರುತ್ತದೆ.

ಅದಕ್ಕೇ ನೀವು ಕೇಳಿದ 'ನಿಷ್ಠವಾಗಿರೋ, ಪುಸ್ತಕ ಓದದೆ ಬಿಡಬಹುದಾದ' ಸಿನಿಮಾಗಳ ಪಟ್ಟಿ ನಾನು ಕೊಡಲ್ಲ. ಅಂಥದ್ದೊಂದು ಪಟ್ಟಿ ಇದೆ ಅಂತ ನಾನು ಒಪ್ಪುವುದೇ ಇಲ್ಲ. ಫ್ರ್ಯಾಂಕ್ ಮಿಲ್ಲರ್‌ನ 'ದಿ ಡಾರ್ಕ್ ನೈಟ್ ರಿಟರ್ನ್ಸ್' ತಗೊಳ್ಳಿ. 1986ರ ಪುಸ್ತಕ. 2012 ಮತ್ತು 2013ರಲ್ಲಿ ಎರಡು ಭಾಗದ ಸಿನಿಮಾ ಆಯಿತು. ಘಟನೆಗಳು ಬಹುತೇಕ ಹಾಗೇ ಇವೆ. ಆದರೆ ಪುಸ್ತಕದ ಉದ್ದಕ್ಕೂ ಮುದುಕ ಬ್ರೂಸ್ ವೇಯ್ನ್, ಅಂದರೆ ಬ್ಯಾಟ್‌ಮ್ಯಾನ್, ಮನಸ್ಸಿನಲ್ಲೇ ಮಾತಾಡುತ್ತಾನೆ. ಮೂಳೆ ನೋಯುತ್ತದೆ, ಮಳೆ ಹಿತವಾಗಿದೆ, ಇದು ಒಳ್ಳೆಯ ಸಾವಾ ಅಂತ ಲೆಕ್ಕ ಹಾಕುತ್ತಾನೆ. ಆ ಮಾತುಗಳನ್ನು ಸಿನಿಮಾದಲ್ಲಿ ತೆಗೆದುಬಿಟ್ಟಿದ್ದಾರೆ. ಹೊಡೆದಾಟ ಉಳಿಯಿತು, ಹೊಡೆಯುವವನ ಒಳಗು ಹೋಯಿತು.

ಅವಮಾನ ಆದಮೇಲೆ ನಾನು ಇನ್ನೊಂದು ತುದಿಗೆ ಹೋದೆ. ತೊಡೆಯ ಮೇಲೆ ಪುಸ್ತಕ, ಎದುರಿಗೆ ಸಿನಿಮಾ. ಪ್ರತಿ ವ್ಯತ್ಯಾಸಕ್ಕೂ ಒಂದು ಗುರುತು. ಆ ಚಟ ಬಿಡಿಸಿದ್ದು 2010ರ 'ಅಂಡರ್ ದ ರೆಡ್ ಹುಡ್' ಸಿನಿಮಾ. ಬ್ಯಾಟ್‌ಮ್ಯಾನ್‌ನ ಜೊತೆಗಾರನಾದ ಎರಡನೇ ರಾಬಿನ್, ಜೇಸನ್ ಟಾಡ್, ಸತ್ತು ರೆಡ್ ಹುಡ್ ಆಗಿ ಮತ್ತೆ ಬರೋ ಕಥೆ ಅದು. ಅವನ ಸಾವು ಮೊದಲು ಬಂದದ್ದು 1988ರ ಕಾಮಿಕ್‌ನಲ್ಲಿ. ಅವನು ಬದುಕಬೇಕಾ ಸಾಯಬೇಕಾ ಅಂತ ಓದುಗರೇ ಫೋನ್‌ನಲ್ಲಿ ಮತ ಹಾಕಿದ್ದರು. ಸಾಯಲಿ ಅಂದವರು 5,343, ಬದುಕಲಿ ಅಂದವರು 5,271. ಬರೀ 72 ಮತದಲ್ಲಿ ಒಬ್ಬ ಹುಡುಗ ಸತ್ತ. ಮುಂದೆ ಅವನನ್ನು ವಾಪಸ್ ತಂದಾಗ ಕಾಮಿಕ್ ಕೊಟ್ಟ ಕಾರಣ ಏನು ಗೊತ್ತಾ? ಬೇರೆ ಲೋಕದ ಸೂಪರ್‌ಬಾಯ್ ಒಬ್ಬ ವಾಸ್ತವದ ಗೋಡೆಗೆ ಗುದ್ದಿದ್ದರಿಂದ ಇವನು ಸಮಾಧಿಯಲ್ಲಿ ಎದ್ದು ಕುಳಿತ ಅಂತ. ಸಿನಿಮಾ ಅದನ್ನು ಬಿಸಾಕಿತು. ಹುಡುಗನನ್ನು ಕೊಂದ ಜೋಕರ್‌ನನ್ನು ಕೆಲಸಕ್ಕೆ ಕರೆದಿದ್ದ ಖಳ ರಾಸ್ ಅಲ್ ಗೂಲ್, ಹುಡುಗ ಸತ್ತದ್ದಕ್ಕೆ ತಾನೂ ಹೊಣೆ ಅಂತ ನೊಂದು, ದೇಹವನ್ನು ಜೀವ ಕೊಡುವ ಲಾಜರಸ್ ಹೊಂಡದಲ್ಲಿ ಮುಳುಗಿಸುತ್ತಾನೆ. ಈಗ ಕಥೆಯಲ್ಲಿ ಎಲ್ಲರಿಗೂ ಒಂದೊಂದು ತಪ್ಪಿನ ಭಾರ ಇದೆ. ಸಿನಿಮಾ ಬರೆದವನು ಯಾರು? ರೆಡ್ ಹುಡ್ ಕಾಮಿಕ್ ಬರೆದ ಜಡ್ ವಿನಿಕ್. ತನ್ನದೇ ಕಥೆಯನ್ನು ಅವನೇ ತಿದ್ದಿ ಬರೆದ. ನನ್ನ ಮಟ್ಟಿಗೆ ಸಿನಿಮಾವೇ ಮೇಲು. ನಾನು ಹಾಕಿದ ಗುರುತುಗಳಿಗೆಲ್ಲ ಅರ್ಥವೇ ಇರಲಿಲ್ಲ.

'ಸ್ಪೈಡರ್-ಮ್ಯಾನ್: ಇನ್‌ಟು ದ ಸ್ಪೈಡರ್-ವರ್ಸ್' (2018) ಕೂಡ ಹಾಗೇ. ಕಾಮಿಕ್‌ನ ಸ್ಪೈಡರ್-ವರ್ಸ್‌ನಲ್ಲಿ ಖಳರೇ ಬೇರೆ, ಕಥೆಯೇ ಬೇರೆ. ಆದರೂ ಕಾಮಿಕ್‌ಗೆ ಅಷ್ಟು ಹತ್ತಿರವಾದ ಸಿನಿಮಾ ನಾನು ಇನ್ನೊಂದು ನೋಡಿಲ್ಲ. ಹಳೇ ಅಚ್ಚಿನ ಚುಕ್ಕಿಗಳಿವೆ. ಬಣ್ಣ ಗೆರೆಯಿಂದ ಸ್ವಲ್ಪ ಆಚೆ ಜಾರಿದ ಹಾಗಿದೆ. ಕಾಡಿನಲ್ಲಿ ಅನುಭವಿ ಸ್ಪೈಡರ್-ಮ್ಯಾನ್ ಪೀಟರ್ ಜೊತೆ ಹೊಸಬ ಮೈಲ್ಸ್ ಜೋತಾಡುವ ದೃಶ್ಯ ಮತ್ತೆ ನೋಡಿ. ಪೀಟರ್‌ಗೆ ಸೆಕೆಂಡಿಗೆ 24 ಚಿತ್ರ. ಮೈಲ್ಸ್‌ಗೆ 12, ಒಂದೊಂದು ಚಿತ್ರವೂ ಎರಡು ಫ್ರೇಮ್ ನಿಲ್ಲುತ್ತದೆ. ಅದಕ್ಕೇ ಅವನು ತಡವರಿಸುತ್ತಾನೆ. ಅವನಿನ್ನೂ ಕಲಿಯುತ್ತಿದ್ದಾನೆ ಅನ್ನೋದನ್ನು ಮಾತಿಲ್ಲದೆ ಹೇಳುತ್ತಾರೆ. ಪುಟದ ಮೇಲೆ ಇದನ್ನು ಮಾಡಲಾಗುವುದಿಲ್ಲ.

ಪುಸ್ತಕ ಮೊದಲಾ, ಸಿನಿಮಾ ಮೊದಲಾ ಅಂತಲೂ ಕೇಳಿದ್ದೀರಿ. ಯಾವುದು ಮೊದಲಾದರೂ ಪರವಾಗಿಲ್ಲ. ಆದರೆ ನೀವು ನೋಡಿದ್ದು ಸಿನಿಮಾ ಆದರೆ ಸಿನಿಮಾದ ಬಗ್ಗೆ ಮಾತ್ರ ಮಾತಾಡಿ. ಪುಸ್ತಕದ ಹೆಸರು ಹಿಡಿದು ಒಂದು ವಾಕ್ಯವನ್ನೂ ಬರೆಯಬೇಡಿ.

'ಆಲ್-ಸ್ಟಾರ್ ಸೂಪರ್‌ಮ್ಯಾನ್' ಸಿನಿಮಾ ಇಷ್ಟ ಆಯಿತು ಅಂದಿದ್ದೀರಿ. ಹಾಗಾದರೆ ಅಲ್ಲಿಂದಲೇ ಶುರು ಮಾಡಿ. 2011ರ ಆ ಸಿನಿಮಾ ಚೆನ್ನಾಗಿದೆ, ನನಗೂ ಇಷ್ಟ. ಗ್ರ್ಯಾಂಟ್ ಮಾರಿಸನ್ ಬರೆದು ಫ್ರ್ಯಾಂಕ್ ಕ್ವೈಟ್ಲಿ ಚಿತ್ರಿಸಿದ ಕಾಮಿಕ್ 12 ಸಂಚಿಕೆ. ಹತ್ತನೆಯದರಲ್ಲಿ ಒಂದು ಪುಟ ಇದೆ, ಅದು ಸಿನಿಮಾಕ್ಕೆ ಬರಲೇ ಇಲ್ಲ. ಎತ್ತರದ ಕಟ್ಟಡದ ಅಂಚಿನಲ್ಲಿ ಒಬ್ಬಳು ಹುಡುಗಿ ನಿಂತಿದ್ದಾಳೆ. ಕೆಳಗೆ ಹಾರಿ ಸಾಯಲು ಹೊರಟವಳು. ಹಿಂದಿನಿಂದ ಸೂಪರ್‌ಮ್ಯಾನ್ ಬಂದು ಹೆಗಲ ಮೇಲೆ ಕೈ ಇಡುತ್ತಾನೆ. ನೀನು ಕಾಯುತ್ತಿದ್ದ ಡಾಕ್ಟರ್‌ಗೆ ನಿಜವಾಗಿಯೂ ಬರಲು ತಡವಾಯಿತು ಅನ್ನುತ್ತಾನೆ. ನೀನು ಅಂದುಕೊಂಡಿದ್ದಕ್ಕಿಂತ ಗಟ್ಟಿ ಇದ್ದೀಯ ಅನ್ನುತ್ತಾನೆ. ಅವಳು ತಿರುಗಿ ಅವನನ್ನು ತಬ್ಬಿಕೊಳ್ಳುತ್ತಾಳೆ. ಆ ಪುಟಕ್ಕೆ ಬಂದಾಗ ಬೇಗ ಮಗುಚಬೇಡಿ.