ಸಿಟ್ಟು ಇದೆ, ಮತ ಏಕಿಲ್ಲ?

ಸೊರಗಿದ ವಿರೋಧ ಪಕ್ಷಕ್ಕೆ ಮತದಾರರು ಏಕೆ ಒಲಿಯುವುದಿಲ್ಲ ಎಂದು ಕೇಳಿ ಈ ಬಾರಿ ನಾಲ್ಕು ಪತ್ರಗಳು ಬಂದಿವೆ. ಮೊದಲೆರಡು ಪತ್ರಗಳು ಗುಜರಾತನ್ನೇ ಹೆಸರಿಸಿರುವುದರಿಂದ ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ. ಚುನಾವಣಾ ರಾಜಕೀಯವನ್ನು ಪಾಠ ಹೇಳುವವರಿಗೆ ಈ ವಿಷಯದಲ್ಲಿ ಅಷ್ಟು ಕಲಿಸುವ ರಾಜ್ಯ ಇನ್ನೊಂದಿಲ್ಲ.

ಪ್ರಶ್ನೆ: ಕರ್ನಾಟಕದಲ್ಲಿ 1985ರ ನಂತರ ಯಾವ ಆಡಳಿತ ಪಕ್ಷವೂ ವಿಧಾನಸಭಾ ಚುನಾವಣೆಯಲ್ಲಿ ಮತ್ತೆ ಗೆದ್ದು ಬಂದಿಲ್ಲ. ಗುಜರಾತಿನಲ್ಲಾದರೆ 1995ರಿಂದ ಕಾಂಗ್ರೆಸ್ ಒಮ್ಮೆಯೂ ಗೆದ್ದಿಲ್ಲ. ಅಲ್ಲಿನ ಜನರಿಗೆ ಸರ್ಕಾರದ ಮೇಲೆ ಸಿಟ್ಟೇ ಬರುವುದಿಲ್ಲವೇ? (ಓದುಗರೊಬ್ಬರು, ದಾವಣಗೆರೆ)

ಬರುತ್ತದೆ, ಧಾರಾಳವಾಗಿ ಬರುತ್ತದೆ. 2017ರ ಜುಲೈನಲ್ಲಿ ಜಿಎಸ್‌ಟಿ ಜಾರಿಯಾದಾಗ ಸೂರತ್‌ನ ರಿಂಗ್ ರೋಡಿನ ಜವಳಿ ಮಾರುಕಟ್ಟೆಗಳು ಎರಡು ವಾರಕ್ಕೂ ಹೆಚ್ಚು ಕಾಲ ಬಾಗಿಲು ಮುಚ್ಚಿದ್ದವು. ವರ್ತಕರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು, ಪೊಲೀಸರ ಲಾಠಿ ಏಟನ್ನೂ ತಿಂದರು. ‘ಕಮಲಕ್ಕೆ ಮತ ಕೊಟ್ಟದ್ದು ನಮ್ಮ ತಪ್ಪು’ ಎಂಬ ಅರ್ಥದ ಹಿಂದಿ ಸಾಲನ್ನು ಕೆಲವರು ಬಿಲ್ಲುಗಳ ಮೇಲೆಯೇ ಮುದ್ರಿಸಿಕೊಂಡರು. ಅದೇ ವರ್ಷ ಡಿಸೆಂಬರ್‌ನಲ್ಲಿ ಚುನಾವಣೆ ನಡೆಯಿತು. ಸೂರತ್ ಜಿಲ್ಲೆಯ 16 ಕ್ಷೇತ್ರಗಳಲ್ಲಿ 15 ಬಿಜೆಪಿಗೆ ಹೋದವು.

ಇದನ್ನು ನೋಡಿ ‘ಜನ ಬೇಗ ಮರೆಯುತ್ತಾರೆ’ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜುಲೈಗೂ ಡಿಸೆಂಬರ್‌ಗೂ ನಡುವೆ ಏನಾಯಿತು ನೋಡಿ: ನವೆಂಬರ್‌ನಲ್ಲಿ ಗುವಾಹಟಿಯಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ನೂರೆಪ್ಪತ್ತಕ್ಕೂ ಹೆಚ್ಚು ಸರಕುಗಳನ್ನು ಶೇ 28ರ ತೆರಿಗೆಯಿಂದ ಕೆಳಗಿಳಿಸಿತು. ಕೂಗಿದ್ದು ವರ್ತಕರು, ಅದಕ್ಕೆ ದನಿಗೂಡಿಸಿದ್ದು ವಿರೋಧ ಪಕ್ಷ, ತೆರಿಗೆ ಇಳಿಸಿದ್ದು ಅಧಿಕಾರದಲ್ಲಿದ್ದವರು. ವ್ಯಾಪಾರಿ ಕೊನೆಗೆ ನೆನಪಿಟ್ಟುಕೊಳ್ಳುವುದು ಇಳಿಸಿದವರನ್ನೇ. 2021ರ ಸೆಪ್ಟೆಂಬರ್‌ನಲ್ಲೂ ಇದೇ ಆಯಿತು. ಕೋವಿಡ್ ಎರಡನೇ ಅಲೆಯ ನಂತರ ಜನರ ಅಸಮಾಧಾನ ಹೊಗೆಯಾಡುತ್ತಿದ್ದಾಗ ಬಿಜೆಪಿ ಮುಖ್ಯಮಂತ್ರಿ ವಿಜಯ್ ರೂಪಾಣಿಯವರನ್ನು ಮಾತ್ರವಲ್ಲ, ಇಡೀ ಸಂಪುಟವನ್ನೇ ಬದಲಿಸಿತು. ಭೂಪೇಂದ್ರ ಪಟೇಲ್ ಅವರ ಜೊತೆ ಬಂದವರೆಲ್ಲ ಹೊಸ ಮಂತ್ರಿಗಳು. ‘ಬದಲಾವಣೆ ಬೇಕು’ ಎಂದು ಮತದಾರ ಹೇಳುವ ಮೊದಲೇ ಆಡಳಿತ ಪಕ್ಷ ತಾನೇ ಬದಲಾವಣೆಯನ್ನು ತಂದು ಮುಂದಿಟ್ಟಿತು. ಆಡಳಿತ ಪಕ್ಷವೇ ವಿರೋಧ ಪಕ್ಷದ ಕೆಲಸವನ್ನೂ ಮಾಡುವಷ್ಟು ಚುರುಕಾಗಿದ್ದರೆ ಎದುರಾಳಿಗೆ ಉಳಿಯುವುದು ಬರೀ ಬಾಯಿಮಾತು.

ಇನ್ನು ಕರ್ನಾಟಕದ ಹೋಲಿಕೆ. ಇಲ್ಲೊಂದು ಲೆಕ್ಕವನ್ನು ಬಹಳ ಜನ ಗಮನಿಸುವುದಿಲ್ಲ. 2013ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ ಸುಮಾರು ಶೇ 36.6 ಮತ ಪಡೆದು 122 ಸ್ಥಾನಗಳೊಂದಿಗೆ ಸರ್ಕಾರ ಮಾಡಿತು. 2017ರಲ್ಲಿ ಗುಜರಾತಿನಲ್ಲಿ ಅದೇ ಪಕ್ಷ ಶೇ 41ಕ್ಕೂ ಹೆಚ್ಚು ಮತ ಪಡೆದು, 182ರಲ್ಲಿ 77 ಸ್ಥಾನ ಗಳಿಸಿ ಸೋತಿತು. ನಮ್ಮಲ್ಲಿ ಮತ ಮೂರು ಪಾಲಾಗುವುದರಿಂದ ಮೂರನೇ ಒಂದಕ್ಕಿಂತ ತುಸು ಹೆಚ್ಚು ಸಿಕ್ಕರೂ ಗದ್ದುಗೆ ಕೈಗೆಟುಕುತ್ತದೆ. ಅಲ್ಲಿ ನೇರ ಹಣಾಹಣಿ. ಒಂದು ಪಕ್ಷ 2002ರಿಂದ 2017ರವರೆಗೆ ಹೆಚ್ಚುಕಡಿಮೆ ಶೇ 48, 49ರಲ್ಲೇ ಕುಳಿತಿದ್ದರೆ ಶೇ 39, 40 ಪಡೆದವರು ಪ್ರತಿ ಬಾರಿಯೂ ಸೋಲುತ್ತಾರೆ. ಸೋತವರನ್ನು ‘ದುರ್ಬಲ’ ಎನ್ನುತ್ತೇವೆ. ಆದರೆ 2017ರವರೆಗೆ ಹತ್ತರಲ್ಲಿ ನಾಲ್ವರು ಗುಜರಾತಿಗಳು ಆ ಪಕ್ಷಕ್ಕೆ ಮತ ಹಾಕುತ್ತಲೇ ಬಂದಿದ್ದರು. ನನ್ನನ್ನು ಕಾಡುವುದು ಆ ನಾಲ್ವರ ನಿಷ್ಠೆ ಮತ್ತು ಪಕ್ಷ ಅದನ್ನು ಬಳಸಿಕೊಂಡ ರೀತಿ.

ಪಕ್ಷ ಅದನ್ನು ಪೋಲು ಮಾಡಿತು. ಮೀಸಲಾತಿ ಕೇಳಿ ಪಟೇಲ್ ಸಮುದಾಯ ನಡೆಸಿದ ಪಾಟೀದಾರ್ ಚಳವಳಿಯ ಬಿಸಿಯಲ್ಲಿ ನಡೆದ 2015ರ ಸ್ಥಳೀಯ ಚುನಾವಣೆಯಲ್ಲಿ ಗುಜರಾತಿನ 31 ಜಿಲ್ಲಾ ಪಂಚಾಯಿತಿಗಳ ಪೈಕಿ 20ಕ್ಕೂ ಹೆಚ್ಚು ಕಾಂಗ್ರೆಸ್ ಕೈಗೆ ಬಂದವು. ಹಳ್ಳಿಯ ಜನ ತಾವಾಗಿ ಬಾಗಿಲು ತೆರೆದು ‘ಬನ್ನಿ, ಮಾಡಿ ತೋರಿಸಿ’ ಎಂದ ಕ್ಷಣ ಅದು. 2021ರ ಹೊತ್ತಿಗೆ 31ಕ್ಕೆ 31ನ್ನೂ ಕಳೆದುಕೊಂಡದ್ದಾಯಿತು. ಸೂರತ್ ಮಹಾನಗರ ಪಾಲಿಕೆಯಲ್ಲಿ 36 ಸದಸ್ಯರಿದ್ದ ಪಕ್ಷ ಅದೇ ವರ್ಷ ಸೊನ್ನೆಗೆ ಇಳಿಯಿತು. ಪಾಟೀದಾರ್ ವಾರ್ಡುಗಳ ಸಿಟ್ಟು ಆಮ್ ಆದ್ಮಿ ಪಕ್ಷಕ್ಕೆ 27 ಸ್ಥಾನ ಕೊಟ್ಟಿತು. ಮತದಾರರು ವಿರೋಧ ಪಕ್ಷವನ್ನು ಬೇಡ ಎನ್ನಲಿಲ್ಲ. ಕೈಯಲ್ಲಿದ್ದ ಈ ವಿರೋಧ ಪಕ್ಷ ಸಾಲದು ಎಂದರು.

ಬೇರು ಒಣಗಿದ್ದು ಎಲ್ಲಿ ಎಂದು ಕೇಳಿದರೆ ಹಾಲಿನ ಸಂಘದಿಂದ ಶುರು ಮಾಡುತ್ತೇನೆ. ಬೆಳಗಿನ ಜಾವ ನಿಮ್ಮೂರಿನ ಡೈರಿಯ ಮುಂದೆ ನಿಂತು ನೋಡಿ. ಕ್ಯಾನು ಹಿಡಿದು ಸಾಲುಗಟ್ಟಿದ ಹೆಂಗಸರು, ‘ಡಿಗ್ರಿ ಎಷ್ಟು ಬಂತು, ಫ್ಯಾಟ್ ಎಷ್ಟು ಬಂತು’ ಎಂಬ ವಿಚಾರಣೆ, ತಡವಾದ ಬಟವಾಡೆಯ ಬಗ್ಗೆ ಗೊಣಗಾಟ, ಪಶು ಆಹಾರದ ಮೂಟೆ ಯಾವಾಗ ಬರುತ್ತದೆಂಬ ಕೇಳಿಕೆ. ದಿನಕ್ಕೆ ಎರಡು ಬಾರಿ ಇಡೀ ಊರು ಸೇರುವ ಜಾಗ ಅದು. ಗುಜರಾತಿನಲ್ಲಿ ಈ ಜಾಗವನ್ನು ಕಟ್ಟಿದವರೇ ಕಾಂಗ್ರೆಸ್ಸಿಗರು. ಅಮೂಲ್‌ನ ಮೂಲವಾದ ಖೇಡಾ ಜಿಲ್ಲಾ ಹಾಲು ಒಕ್ಕೂಟವನ್ನು 1946ರಲ್ಲಿ ನಿಲ್ಲಿಸಿದ ತ್ರಿಭುವನದಾಸ್ ಪಟೇಲ್ ಸ್ವಾತಂತ್ರ್ಯ ಹೋರಾಟದಿಂದ ಬಂದ ಕಾಂಗ್ರೆಸ್ ನಾಯಕರು. ಕಳೆದ ಎರಡು ದಶಕಗಳಲ್ಲಿ ಆ ಒಕ್ಕೂಟಗಳ ಅಧ್ಯಕ್ಷಗಿರಿ ಒಂದೊಂದಾಗಿ ಕೈತಪ್ಪಿತು. ಸಾಲ, ಬಿತ್ತನೆ ಬೀಜ, ಹಾಲಿನ ಹಣ ಎಲ್ಲದಕ್ಕೂ ರೈತ ಹೋಗಿ ನಿಲ್ಲುವ ಕಟ್ಟೆಯ ಮೇಲೆ ಈಗ ಇನ್ನೊಂದು ಪಕ್ಷದವರು ಕುಳಿತಿದ್ದಾರೆ. ಐದು ವರ್ಷಕ್ಕೊಮ್ಮೆ ಬಂದು ಕೈಮುಗಿಯುವವನಿಗಿಂತ ದಿನವೂ ಎದುರಾಗುವವನ ಮಾತು ನಾಟುತ್ತದೆ.

ಕರ್ನಾಟಕದಲ್ಲಿ ಸೋತ ಪಕ್ಷ ಸಾಯದಿರುವುದಕ್ಕೆ ಕಾರಣವೂ ಇದೇ. ವಿಧಾನಸೌಧ ಕೈಬಿಟ್ಟರೂ ಡಿಸಿಸಿ ಬ್ಯಾಂಕು, ಹಾಲು ಒಕ್ಕೂಟ, ಎಪಿಎಂಸಿ, ಶಿಕ್ಷಣ ಸಂಸ್ಥೆ, ಹೀಗೆ ಎಲ್ಲಾದರೂ ಒಂದು ಕಡೆ ಅದರ ಜನ ಇದ್ದೇ ಇರುತ್ತಾರೆ. 2021ರಲ್ಲಿ ಅವಧಿ ಮುಗಿದ ನಮ್ಮ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆ ನಡೆಸದೆ ಬಿಟ್ಟದ್ದನ್ನು ನಾನು ಗಂಭೀರವಾಗಿ ನೋಡುವುದು ಈ ಕಾರಣಕ್ಕೆ. ಬಿಜೆಪಿ, ಕಾಂಗ್ರೆಸ್ ಎರಡೂ ಪಕ್ಷಗಳ ಸರ್ಕಾರಗಳು ಇದರಲ್ಲಿ ಪಾಲುದಾರರು. ನಾಳೆಯ ಶಾಸಕರು ತಯಾರಾಗುವ ಗರಡಿಮನೆಗೆ ಬೀಗ ಹಾಕಿದಂತೆ ಅದು.

ಪ್ರಶ್ನೆ: ನಾವು ಇಪ್ಪತ್ತು ವರ್ಷಗಳಿಂದ ಸೂರತ್‌ನಲ್ಲಿರುವ ಕನ್ನಡಿಗರು. 2024ರ ಲೋಕಸಭಾ ಚುನಾವಣೆಯಲ್ಲಿ ಮತ ಹಾಕುವ ಅವಕಾಶವೇ ನಮಗೆ ಸಿಗಲಿಲ್ಲ. ಇದನ್ನು ಮತದಾರರ ತಪ್ಪು ಎನ್ನಲಾದೀತೇ? (ಓದುಗರೊಬ್ಬರು, ಸೂರತ್)

ಖಂಡಿತ ಅಲ್ಲ. ನಿಮ್ಮ ಪತ್ರ ಓದಿ ನನಗೆ ನೋವಾಯಿತು.

ನಡೆದದ್ದನ್ನು ತಿಳಿಯದ ಓದುಗರಿಗಾಗಿ ಎರಡು ಮಾತು. ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರಕ್ಕೆ ಸಹಿ ಹಾಕಿದ್ದಾರೆನ್ನಲಾದ ಸೂಚಕರು ‘ಈ ಸಹಿ ನಮ್ಮದಲ್ಲ’ ಎಂದು ಪ್ರಮಾಣಪತ್ರ ಕೊಟ್ಟರು. ಚುನಾವಣಾಧಿಕಾರಿ ನಾಮಪತ್ರ ತಿರಸ್ಕರಿಸಿದರು. ಪಕ್ಷದ ಬದಲಿ ಅಭ್ಯರ್ಥಿಯ ನಾಮಪತ್ರಕ್ಕೂ ಅದೇ ಗತಿಯಾಯಿತು. ಉಳಿದವರೆಲ್ಲ ಕಣದಿಂದ ಹಿಂದೆ ಸರಿದರು. 2024ರ ಏಪ್ರಿಲ್ 22ರಂದು ಬಿಜೆಪಿಯ ಮುಕೇಶ್ ದಲಾಲ್ ಅವಿರೋಧವಾಗಿ ಆಯ್ಕೆಯಾದರು.

ದೇಶದ ಎರಡನೇ ದೊಡ್ಡ ಪಕ್ಷಕ್ಕೆ ಅಷ್ಟು ದೊಡ್ಡ ನಗರದಲ್ಲಿ ಕೊನೆಯವರೆಗೆ ಗಟ್ಟಿಯಾಗಿ ನಿಲ್ಲುವ ಬೆರಳೆಣಿಕೆಯ ಸೂಚಕರು ಇರಲಿಲ್ಲ. ಒತ್ತಡವಿತ್ತು ಎಂದು ಆ ಪಕ್ಷ ದೂರಿತು, ಕೊನೆಗೆ ತನ್ನದೇ ಅಭ್ಯರ್ಥಿಯನ್ನೂ ಅಮಾನತು ಮಾಡಿತು. ಯಾರು ಯಾರನ್ನು ದೂರಿದರೂ ನಿಮ್ಮ ಮತ ಹೋಯಿತು. ಸೊರಗಿದ ಪಕ್ಷ ನಂಬಿಕಸ್ಥರನ್ನು ಎಲ್ಲಕ್ಕಿಂತ ಮೊದಲು ಕಳೆದುಕೊಳ್ಳುತ್ತದೆ. ಗುಜರಾತಿನ ಶಾಸಕ ಕುಂವರ್‌ಜಿ ಬಾವಳಿಯಾ 2018ರಲ್ಲಿ ಕಾಂಗ್ರೆಸ್ ಬಿಟ್ಟ ದಿನವೇ ಬಿಜೆಪಿ ಸರ್ಕಾರದಲ್ಲಿ ಮಂತ್ರಿಯಾದರು. 2020ರಲ್ಲಿ ರಾಜ್ಯಸಭಾ ಚುನಾವಣೆಗೆ ಮುನ್ನ ಎಂಟು ಶಾಸಕರು ರಾಜೀನಾಮೆ ಕೊಟ್ಟರು, ಆ ಎಂಟೂ ಉಪಚುನಾವಣೆಗಳನ್ನು ಬಿಜೆಪಿ ಗೆದ್ದಿತು. ಒಂದು ಕಾಲದಲ್ಲಿ ಕಾಂಗ್ರೆಸ್ ರಾಜ್ಯ ಅಧ್ಯಕ್ಷರಾಗಿದ್ದ ಅರ್ಜುನ್ ಮೋಢವಾಡಿಯಾ 2024ರಲ್ಲಿ ಪಕ್ಷ ಬಿಟ್ಟು ಬಿಜೆಪಿ ಸೇರಿ, ತಮ್ಮ ಹಳೆಯ ಕ್ಷೇತ್ರ ಪೋರಬಂದರ್‌ನಿಂದಲೇ ಒಂದು ಲಕ್ಷಕ್ಕೂ ಹೆಚ್ಚಿನ ಅಂತರದಲ್ಲಿ ಮರಳಿ ಗೆದ್ದರು. ಮತದಾರನ ಜಾಗದಲ್ಲಿ ನಿಂತು ಯೋಚಿಸಿ: ನಾನು ಗೆಲ್ಲಿಸಿದವನು ಹೇಗೂ ಆ ಕಡೆಗೇ ಹೋಗುವುದಾದರೆ ಸುತ್ತಿ ಬಳಸಿ ಏಕೆ ಹೋಗಬೇಕು, ನೇರವಾಗಿ ಅಲ್ಲಿಗೇ ಮತ ಹಾಕಬಾರದೇಕೆ? ಈ ಯೋಚನೆ ಮೂರ್ಖತನದ್ದಲ್ಲ. ಜನಪ್ರತಿನಿಧಿಗಳೇ ಅವರಿಗೆ ಕಲಿಸಿದ ಪಾಠ ಅದು.

ಪ್ರಶ್ನೆ: 2022ರ ಗುಜರಾತ್ ಚುನಾವಣೆಯಲ್ಲಿ ಆಮ್ ಆದ್ಮಿ ಪಕ್ಷ ಮತ ಒಡೆಯದಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತಲ್ಲವೇ? (ಓದುಗರೊಬ್ಬರು, ಧಾರವಾಡ)

ಸ್ಥಾನಗಳ ಸಂಖ್ಯೆ ಬೇರೆಯಾಗುತ್ತಿತ್ತು, ಸರ್ಕಾರವಲ್ಲ. ಬಿಜೆಪಿ ಒಂದೇ ಶೇ 52ಕ್ಕೂ ಹೆಚ್ಚು ಮತ ಪಡೆದಿತ್ತು. ಕಾಂಗ್ರೆಸ್ಸಿನ ಶೇ 27 ಮತ್ತು ಎಎಪಿಯ ಶೇ 13 ಸೇರಿಸಿದರೆ 2017ರ ಕಾಂಗ್ರೆಸ್ ಪಾಲಿಗೆ ಹತ್ತಿರ ಹತ್ತಿರ ಬರುತ್ತದೆ. ಸರ್ಕಾರದ ವಿರುದ್ಧ ಇದ್ದ ಜನ ಅಷ್ಟೇ ಉಳಿದರು, ಅವರ ಮನೆ ಎರಡಾಯಿತು. ಅದರ ಪೆಟ್ಟು ಸದನದಲ್ಲಿ ಬಿತ್ತು. ಕಾಂಗ್ರೆಸ್ 17 ಸ್ಥಾನಗಳಿಗೆ ಕುಸಿದದ್ದರಿಂದ ಸದನದ ಒಟ್ಟು ಸ್ಥಾನಗಳಲ್ಲಿ ಹತ್ತನೇ ಒಂದು ಭಾಗ ಇರಬೇಕೆಂಬ ಲೆಕ್ಕ ತುಂಬದೆ ವಿರೋಧ ಪಕ್ಷದ ನಾಯಕನ ಅಧಿಕೃತ ಸ್ಥಾನವೂ ದಕ್ಕಲಿಲ್ಲ. ಸ್ಥಾನ ಕಡಿಮೆಯಾದರೆ ಸದನದಲ್ಲಿ ಮಾತಿನ ಸಮಯ ಕಡಿಮೆ, ಸಮಯ ಕಡಿಮೆಯಾದರೆ ಪತ್ರಿಕೆಯಲ್ಲಿ ಜಾಗ ಕಡಿಮೆ, ಆಮೇಲೆ ‘ಇವರು ಏನೂ ಮಾಡುತ್ತಿಲ್ಲ’ ಎಂಬ ಮಾತು.

ಪ್ರಶ್ನೆ: ನಾನು ಕರ್ನಾಟಕದ ಒಂದು ತಾಲ್ಲೂಕಿನಲ್ಲಿ ಸತತ ಸೋಲುತ್ತಿರುವ ಪಕ್ಷದ ಕಾರ್ಯಕರ್ತ. ಕಳೆದ ಬಾರಿ ನಮ್ಮೂರ ಮತಗಟ್ಟೆಗೆ ಏಜೆಂಟ್ ಕೂರಿಸಲೂ ಜನ ಸಿಗಲಿಲ್ಲ. ಎಲ್ಲಿಂದ ಆರಂಭಿಸಲಿ? (ಹೆಸರು, ಊರು ಬೇಡ ಎಂದಿದ್ದಾರೆ)

ನಿಮ್ಮ ಪ್ರಶ್ನೆಯಲ್ಲೇ ರೋಗದ ಮೂಲ ಇದೆ. ಮತದಾನದ ದಿನ ಬೆಳಿಗ್ಗೆ ಅಣಕು ಮತದಾನ ನೋಡುವವರು, ಪಟ್ಟಿಯಲ್ಲಿ ಬಂದವರ ಹೆಸರಿಗೆ ಗೀಟು ಹಾಕುವವರು, ಮಧ್ಯಾಹ್ನ ಎರಡಕ್ಕೆ ‘ಆ ಕೊನೆಯ ಬೀದಿಯ ಹನ್ನೆರಡು ಜನ ಇನ್ನೂ ಬಂದಿಲ್ಲ’ ಎಂದು ಹೊರಗೆ ಸುದ್ದಿ ಕಳಿಸುವವರು, ಸಂಜೆ ಚಲಾವಣೆಯಾದ ಮತಗಳ ಲೆಕ್ಕದ 17ಸಿ ನಮೂನೆಯ ಪ್ರತಿ ಕೇಳಿ ಪಡೆಯುವವರು, ಇವರೇ ಪಕ್ಷ. ಗುಜರಾತಿನಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಮತಗಟ್ಟೆಗಳಿವೆ. ಬಿಜೆಪಿ ಅಲ್ಲಿ ಮತದಾರರ ಪಟ್ಟಿಯ ಒಂದೊಂದು ಪುಟಕ್ಕೂ, ಅಂದರೆ ಸುಮಾರು ಮೂವತ್ತು ಮತದಾರರಿಗೆ ಒಬ್ಬೊಬ್ಬ ‘ಪನ್ನಾ ಪ್ರಮುಖ್’ ಎಂದು ಜವಾಬ್ದಾರಿ ಹಂಚಿತು. ಆ ಮೂವತ್ತು ಜನರಲ್ಲಿ ಯಾರ ಮಗಳ ಮದುವೆ, ಯಾರ ಮನೆಯಲ್ಲಿ ಕಾಯಿಲೆ ಎಂಬುದು ಅವನಿಗೆ ಗೊತ್ತು.

ಇದಕ್ಕೆ ಎದುರಾಗಿ ನಿಂತು ಗೆದ್ದವರೂ ಇದ್ದಾರೆ. 2014 ಮತ್ತು 2019ರಲ್ಲಿ ಗುಜರಾತಿನ 26 ಲೋಕಸಭಾ ಸ್ಥಾನಗಳೂ ಬಿಜೆಪಿಯದಾಗಿದ್ದವು. 2024ರಲ್ಲಿ ಬನಾಸಕಾಂಠಾದಲ್ಲಿ ಕಾಂಗ್ರೆಸ್ಸಿನ ಗೇನಿಬೇನ್ ಠಾಕೋರ್ ಸುಮಾರು ಮೂವತ್ತು ಸಾವಿರ ಮತಗಳಿಂದ ಗೆದ್ದರು. ಎದುರಾಳಿ ಆ ಜಿಲ್ಲೆಯ ಪ್ರಖ್ಯಾತ ಬನಾಸ್ ಡೈರಿ ಕಟ್ಟಿದವರ ಮೊಮ್ಮಗಳು. ಗೇನಿಬೇನ್ ಜನರಿಂದಲೇ ಸಣ್ಣಸಣ್ಣ ಮೊತ್ತದ ದೇಣಿಗೆ ಎತ್ತಿ ಚುನಾವಣೆ ಮಾಡಿದರು. ನೂರು ರೂಪಾಯಿ ಕೊಟ್ಟ ಮನೆಯವರು ಮತಗಟ್ಟೆಗೂ ಬರುತ್ತಾರೆ, ಪಕ್ಕದ ಮನೆಯವರನ್ನೂ ಕರೆತರುತ್ತಾರೆ. ಆದರೆ ಅವರು ತೆರವು ಮಾಡಿದ ವಾವ್ ವಿಧಾನಸಭಾ ಕ್ಷೇತ್ರವನ್ನು ಅದೇ ವರ್ಷ ನವೆಂಬರ್‌ನಲ್ಲಿ ಕಾಂಗ್ರೆಸ್ ಮೂರು ಸಾವಿರಕ್ಕೂ ಕಡಿಮೆ ಮತಗಳಿಂದ ಕಳೆದುಕೊಂಡಿತು ಎಂಬುದನ್ನೂ ಗಮನಿಸಿ. ಗೇನಿಬೇನ್ ಮೇಲಿನ ವಿಶ್ವಾಸ ಪಕ್ಷದ ಖಾತೆಗೆ ಪೂರ್ತಿಯಾಗಿ ಜಮೆಯಾಗಿರಲಿಲ್ಲ.

ನೀವು ಹೀಗೆ ಮಾಡಿ. ನಿಮ್ಮ ಮತಗಟ್ಟೆಯ ಕಳೆದ ಎರಡು ಚುನಾವಣೆಗಳ ಫಲಿತಾಂಶವನ್ನು ರಾಜ್ಯ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಿಂದ ತೆಗೆದುಕೊಳ್ಳಿ, ಮತಗಟ್ಟೆವಾರು ಲೆಕ್ಕ ಅಲ್ಲಿ ಸಿಗುತ್ತದೆ. ಮತದಾರರ ಪಟ್ಟಿಯನ್ನೂ ಇಳಿಸಿಕೊಳ್ಳಿ. ಇಡೀ ಊರನ್ನು ಹೊತ್ತುಕೊಳ್ಳಬೇಡಿ, ನಿಮ್ಮ ಬೀದಿಯ ಮೂವತ್ತು ಮನೆ ಸಾಕು. ಹದಿನೆಂಟು ತುಂಬಿದ ಮಕ್ಕಳಿಗೆ ನಮೂನೆ 6, ಹೆಸರು ತಪ್ಪಾಗಿರುವವರಿಗೆ, ವಿಳಾಸ ಬದಲಾದವರಿಗೆ ನಮೂನೆ 8 ತುಂಬಿಸಿಕೊಡಿ. ಪಿಂಚಣಿ ನಿಂತ ಅಜ್ಜಿಯನ್ನು ನಾಡಕಚೇರಿಗೆ ಕರೆದುಕೊಂಡು ಹೋಗಿ. ಅಲ್ಲಿ ಕೆಲಸವಾಗದೆ ವಾಪಸ್ ಬಂದರೆ ಮುಂದಿನ ವಾರ ಮತ್ತೆ ಕರೆದುಕೊಂಡು ಹೋಗಿ. ಪಕ್ಷದ ಶಾಲು ಹೊದೆಯುವ ಅಗತ್ಯವಿಲ್ಲ, ನೀವು ಯಾವ ಪಕ್ಷದವರು ಎಂಬುದು ಊರಿಗೆ ಗೊತ್ತಿದೆ. ಮುಂದಿನ ಚುನಾವಣೆಯಲ್ಲಿ ಮತಗಟ್ಟೆಯೊಳಗೆ ಕೂರಲು ಆ ಮೂವತ್ತು ಮನೆಗಳಿಂದ ಒಬ್ಬರಾದರೂ ಎದ್ದು ಬಂದರೆ ನನಗೆ ಒಂದು ಪತ್ರ ಬರೆಯಿರಿ.