ಪೊರೆ ಹರಿಯದೆ ಕೊಲೆಸ್ಟ್ರಾಲ್ ಕಣ ಕೋಶದೊಳಗೆ ಹೋಗುವುದು ಹೇಗೆ?

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಆಮ್ಲಜನಕ ಜೀವಕೋಶದ ಪೊರೆಯಲ್ಲಿ ತಾನಾಗಿ ನುಸುಳುತ್ತದೆ, ಗ್ಲೂಕೋಸಿಗೆ ವಾಹಕ ಪ್ರೋಟೀನುಗಳಿವೆ ಎಂದು ಓದಿದ್ದೇನೆ. ಅಪ್ಪನ ರಕ್ತಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಹೊತ್ತೊಯ್ಯುವ ಕಣವಾದ ಎಲ್‌ಡಿಎಲ್ ಹೆಚ್ಚು ಬಂದಿದೆ. ಅಷ್ಟು ದೊಡ್ಡ ಕಣ ಪೊರೆ ಹರಿಯದಂತೆ ಒಳಗೆ ಹೋಗುವುದು ಹೇಗೆ ಸರ್?

ಉತ್ತರ: ಪೊರೆ ಹರಿಯುವುದಿಲ್ಲ, ಅದರಲ್ಲಿ ಕಂಡಿಯೂ ಬೀಳುವುದಿಲ್ಲ. ಪೊರೆಯೇ ಕಣವನ್ನು ಸುತ್ತಿಕೊಂಡು ಒಳಕ್ಕೆ ಎಳೆದುಕೊಳ್ಳುತ್ತದೆ. ಇದೇ ಎಂಡೋಸೈಟೋಸಿಸ್.

ಎಲ್‌ಡಿಎಲ್ ಕಣದ ಅಡ್ಡಳತೆ ಸುಮಾರು 22 ನ್ಯಾನೊಮೀಟರ್, ಪೊರೆಯ ದಪ್ಪದ ಮೂರು ಪಟ್ಟಿನಷ್ಟು. ಕೋಶದ ಹೊರಮೈಯಲ್ಲಿರುವ ಗ್ರಾಹಕ ಪ್ರೋಟೀನು ಕಣವನ್ನು ಹಿಡಿಯುತ್ತದೆ. ಗ್ರಾಹಕಗಳು ಗುಂಪಾಗಿರುವ ಕಡೆ ಪೊರೆ ಗುಳಿ ಬೀಳುತ್ತದೆ. ಒಳಬದಿಯಲ್ಲಿ ಕ್ಲಾತ್ರಿನ್ ಎಂಬ ಪ್ರೋಟೀನು ಬುಟ್ಟಿಯಂತೆ ಹೆಣೆದುಕೊಳ್ಳುತ್ತದೆ. ಗುಳಿ ಆಳವಾಗಿ, ಕತ್ತು ಕಿರಿದಾಗಿ, ಕೊನೆಗೆ ಕಿರುಚೀಲವಾಗಿ ಕಳಚಿಕೊಳ್ಳುತ್ತದೆ. ಮುಂದೆ ಚೀಲದೊಳಗಿನ ಆಮ್ಲೀಯತೆ ಏರಿದಾಗ ಗ್ರಾಹಕ ಕಣವನ್ನು ಬಿಟ್ಟು ಹೊರಮೈಗೆ ಮರಳುತ್ತದೆ. ಇಂಥ ಒಂದು ಸುತ್ತಿಗೆ ಸುಮಾರು ಹತ್ತು ನಿಮಿಷ.

ನನಗೆ ಅತಿ ಸುಂದರವೆನಿಸುವುದು ಇದರ ಮುಂದಿನ ಭಾಗ. ಚೀಲದೊಳಗಿರುವ ಕಣ ಇನ್ನೂ ಪೊರೆಯನ್ನು ದಾಟಿಯೇ ಇಲ್ಲ! ಅದರ ಸುತ್ತ ಇರುವುದು ಅದೇ ಪೊರೆ, ಲೆಕ್ಕಕ್ಕೆ ಅದು ಹೊರಗೇ ಇದೆ. ಕೋಶದ ಜೀರ್ಣಚೀಲವಾದ ಲೈಸೋಸೋಮಿನಲ್ಲಿ ಕಿಣ್ವಗಳು ಅದನ್ನು ಒಡೆದ ಮೇಲೆ, ಬಿಡಿಯಾದ ಕೊಲೆಸ್ಟ್ರಾಲು ಎನ್‌ಪಿಸಿ1 ಎಂಬ ಪ್ರೋಟೀನಿನ ನೆರವಿನಿಂದ ದಾಟುತ್ತದೆ. ಇಡೀ ಕಣ ಎಂದೂ ದಾಟುವುದಿಲ್ಲ. ಸಣ್ಣ ಅಣುಗಳು ತಾವಾಗಿ ಇಲ್ಲವೇ ಪ್ರೋಟೀನಿನ ನೆರವಿನಿಂದ ದಾಟುತ್ತವೆ ಎಂದು ನೀವು ಓದಿದ ನಿಯಮ ಇಲ್ಲಿಯೂ ಮುರಿದಿಲ್ಲ.

ಇನ್ಸುಲಿನ್ ಮೇದೋಜೀರಕದ ಕೋಶದಿಂದ ಹೊರಬರುವುದು ಇದರ ತಿರುಗುಮುರುಗು. ಚೀಲ ಪೊರೆಯೊಡನೆ ಬೆಸೆದುಕೊಂಡು ಹೊರಕ್ಕೆ ತೆರೆಯುತ್ತದೆ.

ಎಲ್‌ಡಿಎಲ್ ದಾರಿಯನ್ನು ಕಂಡುಹಿಡಿದವರು ಅಮೆರಿಕದ ಡಲ್ಲಾಸಿನ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್. 1985ರ ನೊಬೆಲ್ ಅವರದು. ವಂಶವಾಹಿಯಿಂದ ಕೊಲೆಸ್ಟ್ರಾಲ್ ವಿಪರೀತ ಏರಿದವರ ಕೋಶಗಳನ್ನು ಅವರು ಪರೀಕ್ಷಿಸಿದರು. ಹೆಚ್ಚಿನವರಲ್ಲಿ ಗ್ರಾಹಕವೇ ಇಲ್ಲ ಅಥವಾ ಕೆಟ್ಟಿದೆ. ಒಬ್ಬ ರೋಗಿಯಲ್ಲಿ ಮಾತ್ರ ಗ್ರಾಹಕ ಕಣವನ್ನು ಹಿಡಿಯುತ್ತಿತ್ತು, ಆದರೆ ಗುಳಿಗೆ ಬಂದು ಸೇರುತ್ತಿರಲಿಲ್ಲ. ಕಣ ಒಳಗೆ ಹೋಗಲೇ ಇಲ್ಲ. ಹಿಡಿದರೆ ಸಾಲದು, ಗುಳಿಯೂ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಅಪ್ಪನಿಗೆ ವೈದ್ಯರು ಸ್ಟ್ಯಾಟಿನ್ ಮಾತ್ರೆ ಬರೆದುಕೊಟ್ಟರೆ ಅದು ಕೆಲಸ ಮಾಡುವುದೂ ಇದೇ ದಾರಿಯಲ್ಲಿ: ಮಾತ್ರೆಯಿಂದ ಯಕೃತ್ತಿನ ಕೋಶ ಸ್ವಂತವಾಗಿ ತಯಾರಿಸುವ ಕೊಲೆಸ್ಟ್ರಾಲು ಕಡಿಮೆಯಾದಾಗ ಆ ಕೋಶ ಹೆಚ್ಚು ಗ್ರಾಹಕಗಳನ್ನು ಹೊರಮೈಗೆ ತಂದು ರಕ್ತದ ಎಲ್‌ಡಿಎಲ್ ಸೆಳೆಯುತ್ತದೆ. ನಿಮ್ಮ ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದವರಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ನೀವೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.