ಮುಂಬೈಯ ಕಾಗೆ ಹಾಡುಹಕ್ಕಿಗಳ ಗುಂಪಿಗೆ ಸೇರುತ್ತದಂತೆ, ನವರಂಗ ಎಂಬ ಹಕ್ಕಿ ಸೇರುವುದಿಲ್ಲವಂತೆ. ಹೇಗೆ?

ಇಲ್ಲಿ ಇಂಪು ಲೆಕ್ಕಕ್ಕಿಲ್ಲ. ನೋಡಬೇಕಾದ್ದು ಶ್ವಾಸನಾಳ ಕವಲೊಡೆಯುವಲ್ಲಿರುವ ಸಿರಿಂಕ್ಸ್ ಎಂಬ ಧ್ವನಿಯಂಗವನ್ನು. ದಾದರಿನ ಕಾಗೆಗೂ ಗೋವಾದ ಮಡಿವಾಳ ಹಕ್ಕಿಗೂ ಅಲ್ಲಿ ಹಲವು ಜೊತೆ ಸ್ನಾಯುಗಳಿದ್ದು, ಶ್ವಾಸನಾಳದ ಕವಲುಗಳ ಅರೆಯುಂಗುರಗಳ ತುದಿಗೆ ಅಂಟಿಕೊಂಡಿರುತ್ತವೆ. ಮಳೆಗಾಲಕ್ಕೆ ಬೊರಿವಲಿ ಕಾಡಿಗೆ ಬರುವ ನವರಂಗದಲ್ಲಿ ಈ ಜೋಡಣೆ ತೀರಾ ಸರಳ. 1847ರಲ್ಲಿ ಜರ್ಮನಿಯ ಅಂಗರಚನಾ ವಿಜ್ಞಾನಿ ಯೊಹಾನ್ನೆಸ್ ಮ್ಯುಲರ್ ಇದನ್ನೇ ಹಿಡಿದು, ಈ ಹಕ್ಕಿಗಳೆಲ್ಲ ಸೇರುವ ಗುಬ್ಬಚ್ಚಿ ಗಣವನ್ನು ವಿಂಗಡಿಸಿದರು. ಆ ಮುಖ್ಯ ಕವಲನ್ನು ಡಿಎನ್‌ಎ ಕೂಡ ಎತ್ತಿಹಿಡಿದಿದೆ.

ಆದರೆ ಬರೀ ಸ್ನಾಯು ಎಣಿಸಿದರೆ ಎಡವುತ್ತೀರಿ. ಹಾಡುಹಕ್ಕಿಗಳಲ್ಲದ ಗಿಳಿಗಳಲ್ಲೂ ಇಂಥ ಸ್ನಾಯುಗಳಿವೆ, ಆದರೆ ಅಲ್ಲಿ ಅವು ಬೇರೆಯಾಗಿಯೇ ವಿಕಾಸಗೊಂಡಿವೆ. ಆಸ್ಟ್ರೇಲಿಯಾದ ಲೈರ್‌ಬರ್ಡ್ ಹಾಡುಹಕ್ಕಿಯಾದರೂ ಅದಕ್ಕಿರುವುದು ಮೂರೇ ಜೊತೆ. ಮೃದ್ವಸ್ಥಿ, ಪೊರೆ, ಸ್ನಾಯು ಅಂಟಿದ ಜಾಗ ಎಲ್ಲವನ್ನೂ ಹೋಲಿಸಬೇಕು. ಒಣ ಚರ್ಮದ ಮಾದರಿಯಲ್ಲಿ ಸಾಮಾನ್ಯವಾಗಿ ಸಿರಿಂಕ್ಸ್ ಉಳಿದಿರುವುದಿಲ್ಲ, ಮದ್ಯಸಾರದಲ್ಲಿಟ್ಟ ಇಡೀ ಹಕ್ಕಿಯೇ ಬೇಕು. ಅದಕ್ಕೆ ಅಯೋಡಿನ್ ಹಿಡಿಸಿ ಮೈಕ್ರೋ ಸಿಟಿ (ಸೂಕ್ಷ್ಮ ಎಕ್ಸ್-ರೇ ಸ್ಕ್ಯಾನ್) ತೆಗೆದರೆ, ಕತ್ತರಿಸದೆಯೇ ಸ್ನಾಯುಗಳು ಬಿಡಿಬಿಡಿಯಾಗಿ ಕಾಣುತ್ತವೆ.